‘ಸೈನಸ್’ ಎಂದರೆ ಮೂಗಿನದ್ದಲ್ಲ: ಬಾಣಂತಿ ತಂಗಿಯ ತಲೆನೋವು, ಮಿದುಳಿನಲ್ಲಿ ಹೆಪ್ಪು

ಅಡಿಕೆಮನೆ · ಭಾನುವಾರ, ರಾತ್ರಿ 10.40

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಒಳಗೆ ತಂಗಿ ಮಲಗಿದ್ದಾಳೆ. ಅವಳ ಹದಿನಾರು ದಿನದ ಮಗು ಹೊರಗೆ ಅಮ್ಮನ ಮಡಿಲಲ್ಲಿದೆ.

ಮೊದಲ ಹೆರಿಗೆ, ಸಿಸೇರಿಯನ್. ಆರನೆಯ ದಿನ ತವರಿಗೆ ಕರೆದುಕೊಂಡು ಬಂದೆವು. ಎಂಟನೆಯ ದಿನ ತಲೆನೋವು ಎಂದಳು. ಮಗು ರಾತ್ರಿಯೆಲ್ಲ ಎದ್ದಿರುತ್ತದೆ, ನಿದ್ದೆಗೆಟ್ಟು ಹೀಗಾಗಿರಬೇಕು ಎಂದುಕೊಂಡೆವು. ಚಿಕ್ಕಮ್ಮ ಕಿವಿಗೆ ಹತ್ತಿ ಇಟ್ಟು ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರು. ಮರುದಿನ ಹೆರಿಗೆಯಾದ ಕಡೆಗೆ ಫೋನ್ ಮಾಡಿದರೆ, ಬೆನ್ನಿಗೆ ಕೊಟ್ಟ ಅರಿವಳಿಕೆಯಿಂದ ಹೀಗಾಗುವುದುಂಟು, ಮಲಗಿಸಿ, ಕಾಫಿ ಕೊಡಿ, ತಾನೇ ಹೋಗುತ್ತದೆ ಎಂದರು. ಆದರೆ ಮಲಗಿದರೇ ನೋವು ಹೆಚ್ಚುತ್ತಿತ್ತು. ನಸುಕಿನಲ್ಲಿ ಎದ್ದು ಗೋಡೆಗೆ ಒರಗಿ ಕೂತುಬಿಡುತ್ತಿದ್ದಳು. ಈ ಮಾತನ್ನು ನಾನು ಫೋನಿನಲ್ಲಿ ಹೇಳಲಿಲ್ಲ. ಹೇಳಬೇಕಾದ ಮಾತು ಅದೇ ಎಂದು ಗೊತ್ತಿರಲಿಲ್ಲ.

ಹನ್ನೊಂದನೆಯ ದಿನ ತೊಟ್ಟಿಲಿಗೆ ಬಗ್ಗಿದವಳು ಹಾಗೇ ನಿಂತಳು. ‘ಅಕ್ಕಾ, ಕಣ್ಣು ಕಾಣಿಸಲಿಲ್ಲ’ ಎಂದಳು. ಎರಡು ಮೂರು ಕ್ಷಣ ಅಷ್ಟೇ, ಕರೆಂಟು ಹೋಗಿ ಬಂದ ಹಾಗೆ. ರಕ್ತ ಕಡಿಮೆ ಇದೆಯಲ್ಲ, ತಲೆ ಸುತ್ತಿರಬೇಕು ಎಂದು ನಾವೇ ತೀರ್ಮಾನಿಸಿದೆವು. ಎರಡು ಸಲ ವಾಂತಿಯೂ ಆಯಿತು.

ಹದಿಮೂರನೆಯ ದಿನ ಬೆಳಿಗ್ಗೆ ಕಷಾಯದ ಲೋಟ ಹಿಡಿದಿದ್ದ ಬಲಗೈಯ ಹೆಬ್ಬೆರಳು ತಾನಾಗಿಯೇ ಕುಣಿಯತೊಡಗಿತು. ಅವಳು ಅದನ್ನು ಬೇರೆ ಯಾರದೋ ಬೆರಳು ಎನ್ನುವಂತೆ ನೋಡುತ್ತಿದ್ದಳು. ಬೆರಳಿನಿಂದ ಮಣಿಕಟ್ಟು, ಅಲ್ಲಿಂದ ತೋಳು, ಆಮೇಲೆ ಮುಖ. ಲೋಟ ಬಿತ್ತು, ಪ್ರಜ್ಞೆ ಹೋಯಿತು. ‘ಬಾಣಂತಿ ಸನ್ನಿ’ ಎಂದು ಯಾರೋ ಕೂಗಿದರು. ಅಂತ್ರ ಕಟ್ಟಿಸೋಣ ಎಂದವರೂ ಇದ್ದರು. ಅಪ್ಪ ಯಾರಿಗೂ ಉತ್ತರ ಕೊಡದೆ ಜೀಪು ತೆಗೆದರು.

ಮೊದಲು ಹೋದಲ್ಲಿ ಬಿಪಿ ನೋಡಿದರು, ಸರಿಯಿತ್ತು. ಸಿಟಿ ಸ್ಕ್ಯಾನ್ ಮಾಡಿಸಿದರು, ‘ನಾರ್ಮಲ್’ ಎಂದು ಬರೆದುಕೊಟ್ಟರು. ಅದೇ ಕಾಗದ ಹಿಡಿದು ದೊಡ್ಡ ಊರಿಗೆ ಬಂದೆವು. ಇಲ್ಲಿ ರಾತ್ರಿ ಪಾಳಿಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಕಣ್ಣಿನೊಳಗೆ ಲೈಟು ಬಿಟ್ಟು ನೋಡಿ, ನರ ಊದಿಕೊಂಡಿದೆ ಎಂದು ಆಗಲೇ ಎಂಆರ್‌ಐ ಬರೆದರು, ಜೊತೆಗೆ ವೆನೋಗ್ರಾಂ, ಅಂದರೆ ಅಭಿಧಮನಿಗಳ ಚಿತ್ರ, ಎಂದು ಸೇರಿಸಿದರು. ವರದಿಯಲ್ಲಿ ‘ಸುಪೀರಿಯರ್ ಸ್ಯಾಜಿಟಲ್ ಸೈನಸ್’ನಲ್ಲಿ ಹೆಪ್ಪು, ಎಡ ಮಿದುಳಿನಲ್ಲಿ ಬಾವು ಮತ್ತು ಸ್ವಲ್ಪ ರಕ್ತಸ್ರಾವ ಎಂದಿದೆ. ಊರಿಗೆ ಫೋನ್ ಮಾಡಿ ಹೇಳಿದರೆ ಮಾವ, ‘ಓ ಸೈನಸ್ಸಾ? ಹಬೆ ತೆಗೆದುಕೊಳ್ಳಲಿ’ ಎಂದರು. ಅಳುವುದೋ ನಗುವುದೋ ತಿಳಿಯಲಿಲ್ಲ.

ಈಗ ನನ್ನ ಪ್ರಶ್ನೆ. ಮಿದುಳಿನಲ್ಲಿ ರಕ್ತ ಸೋರಿದೆ ಎನ್ನುತ್ತಾರೆ. ಹೊಟ್ಟೆಗೆ ದಿನಕ್ಕೆ ಎರಡು ಸಲ ರಕ್ತ ತೆಳುವಾಗುವ ಇಂಜೆಕ್ಷನ್ ಕೊಡುತ್ತಿದ್ದಾರೆ. ಸೋರುವ ಕಡೆ ರಕ್ತ ತೆಳು ಮಾಡಿದರೆ ಇನ್ನಷ್ಟು ಸೋರುವುದಿಲ್ಲವೇ? ಭಾವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಕೈ ನಡುಗುತ್ತಿತ್ತು. ತಿಳಿದವರು ದಯವಿಟ್ಟು ಹೇಳಿ.

ನರವೈದ್ಯ_ಧಾರವಾಡ · ಭಾನುವಾರ, ರಾತ್ರಿ 11.25

ತಂಗಿಯನ್ನು ನೋಡುತ್ತಿರುವ ವೈದ್ಯರ ಮಾತೇ ಅಂತಿಮ. ನಾನು ಹೇಳುವುದು ಅರ್ಥ ಮಾಡಿಕೊಳ್ಳಲಿಕ್ಕೆ ಮಾತ್ರ. ಸಹಿ ಹಾಕಿದ್ದು ಸರಿಯಾಗಿಯೇ ಇದೆ.

ಮಿದುಳಿಗೆ ರಕ್ತ ತರುವ ನಾಳಗಳು ಬೇರೆ, ಬಳಸಿದ ರಕ್ತವನ್ನು ಹೊರಗೆ ಒಯ್ಯುವ ನಾಳಗಳು ಬೇರೆ. ಒಯ್ಯುವ ಸಣ್ಣ ನಾಳಗಳೆಲ್ಲ ಮಿದುಳಿನ ಗಟ್ಟಿ ಹೊದಿಕೆಯ ಪದರಗಳ ನಡುವೆ ಇರುವ ದೊಡ್ಡ ಕೊಳವೆಗಳಿಗೆ ಸೇರುತ್ತವೆ. ಆ ಕೊಳವೆಗಳಿಗೇ ಸೈನಸ್ ಎಂದು ಹೆಸರು. ಮೂಗಿನ ಪಕ್ಕದ ಗಾಳಿಗೂಡಿಗೂ ಅದೇ ಹೆಸರಿರುವುದು ನಮ್ಮ ವಿದ್ಯೆಯ ದುರದೃಷ್ಟ. ನಿಮ್ಮ ಮಾವನನ್ನು ದೂರಬೇಡಿ, ಓದಿದವರೂ ಹಬೆ ಹಿಡಿದದ್ದನ್ನು ನಾನು ಕಂಡಿದ್ದೇನೆ. ನೆತ್ತಿಯ ನಡುಗೆರೆಯಲ್ಲಿ ಹಣೆಯಿಂದ ಹಿಂದಲೆಯವರೆಗೆ ಒಂದು ಸೈನಸ್ ಹೋಗುತ್ತದೆ, ನಿಮ್ಮ ತಂಗಿಗೆ ಕಟ್ಟಿರುವುದು ಅದು. ಅದು ಹಿಂದಲೆಯಲ್ಲಿ ಎಡಕ್ಕೂ ಬಲಕ್ಕೂ ಕವಲೊಡೆದು ಕಿವಿಯ ಹಿಂದೆ ಇಳಿದು ಕೊರಳಿನ ದೊಡ್ಡ ನಾಳಕ್ಕೆ ಸೇರುತ್ತದೆ.

ದಾರಿ ಕಟ್ಟಿದಾಗ ಹಿಂದೆ ರಕ್ತ ತುಂಬಿ ಒತ್ತಡ ಏರುತ್ತದೆ. ಮಿದುಳನ್ನು ಸುತ್ತಿರುವ ನೀರೂ ಇದೇ ಸೈನಸ್‌ಗಳ ಮೂಲಕವೇ ಬಸಿದು ಹೋಗಬೇಕು, ಅದಕ್ಕೂ ತಡೆಯಾಗುತ್ತದೆ. ಮಲಗಿದರೆ ನೋವು ಹೆಚ್ಚುವುದು, ನಸುಕಿನಲ್ಲಿ ವಾಂತಿ, ಬಗ್ಗಿದಾಗ ಕ್ಷಣಕಾಲ ಕಣ್ಣು ಕತ್ತಲಾಗುವುದು ಎಲ್ಲವೂ ಆ ಒತ್ತಡದ ಗುರುತುಗಳು. ನಿಮ್ಮ ತಂಗಿ ತೊಟ್ಟಿಲ ಬಳಿ ಹೇಳಿದ ಒಂದು ವಾಕ್ಯ ಪಠ್ಯಪುಸ್ತಕದ ಪುಟಕ್ಕೆ ಸಮ.

ಇನ್ನು ರಕ್ತಸ್ರಾವದ ಮಾತು. ಇಲ್ಲಿ ರಕ್ತ ಸೋರಿದ್ದು ನಾಳ ತಾನಾಗಿ ಹರಿದುದರಿಂದಲ್ಲ, ಮುಂದೆ ದಾರಿಯಿಲ್ಲದೆ ಒತ್ತಡ ತಾಳಲಾರದೆ ಜಿನುಗಿದ್ದು. ಹೆಪ್ಪು ಬೆಳೆಯುತ್ತಾ ಹೋದರೆ ಒತ್ತಡವೂ ಏರುತ್ತದೆ, ಸೋರುವುದೂ ಹೆಚ್ಚುತ್ತದೆ. ಹೊಟ್ಟೆಗೆ ಕೊಡುತ್ತಿರುವ ಆ ಇಂಜೆಕ್ಷನ್, ಹೆಪಾರಿನ್, ಈಗಾಗಲೇ ಕಟ್ಟಿರುವ ಹೆಪ್ಪನ್ನು ಕರಗಿಸುವುದಿಲ್ಲ, ಬೆಳೆಯದಂತೆ ತಡೆಯುತ್ತದೆ. ಕರಗಿಸುವ ಕೆಲಸವನ್ನು ದೇಹ ತಾನೇ ನಿಧಾನವಾಗಿ ಮಾಡಿಕೊಳ್ಳುತ್ತದೆ. ಒಂದು ಕಾಲದಲ್ಲಿ ವೈದ್ಯರೂ ನಿಮ್ಮ ಹಾಗೆಯೇ ಹೆದರುತ್ತಿದ್ದರು. 1991ರಲ್ಲಿ ಜರ್ಮನಿಯಲ್ಲಿ ಕೇವಲ 20 ರೋಗಿಗಳ ಮೇಲೆ ನಡೆದ ಪರೀಕ್ಷೆ ಆ ಹೆದರಿಕೆಯನ್ನು ಬಹಳಷ್ಟು ಕಳೆಯಿತು. ನಮ್ಮ ನಿಮ್ಹಾನ್ಸ್‌ನಲ್ಲೂ ಬಾಣಂತಿಯರಿಗೆ ಹೆಪಾರಿನ್ ಕೊಟ್ಟು ನೋಡಿ 1995ರಲ್ಲಿ ಪ್ರಕಟಿಸಿದರು, 57 ಮಂದಿಯ ಅಧ್ಯಯನ. ಆದರೆ ಅದು ರಕ್ತಸ್ರಾವವಿಲ್ಲದವರ ಮೇಲೆ ನಡೆದದ್ದು. ಈಗ ಸೋರಿಕೆ ಇದ್ದರೂ ಹೆಪಾರಿನ್ ಕೊಡಬೇಕು ಎನ್ನುವುದು ಜಗತ್ತಿನ ಎಲ್ಲೆಡೆ ಒಪ್ಪಿತ ಕ್ರಮ.

ಅಡಿಕೆಮನೆ · ಸೋಮವಾರ, ಬೆಳಿಗ್ಗೆ 6.10

ಡಾಕ್ಟರೇ, ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೇಳಿದವರು, ‘ಹಾಗಾದರೆ ನೀರು ಬರುವ ಕಾಲುವೆ ಕಟ್ಟಿದ್ದಲ್ಲ, ಬಸಿಗಾಲುವೆ ಕಟ್ಟಿದ್ದು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಬಸಿಗಾಲುವೆ ಕಟ್ಟಿದರೆ ತೋಟ ಒಣಗುವುದಿಲ್ಲ, ಕೊಳೆಯುತ್ತದೆ. ಬದು ಒಡೆದ ಕಡೆ ಮಣ್ಣು ಮೆತ್ತುತ್ತಾ ಕೂತರೆ ಪ್ರಯೋಜನವಿಲ್ಲ, ಕಾಲುವೆ ಬಿಡಿಸಬೇಕು’ ಎಂದರು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವರು ಕಾಫಿ ಕುಡಿಯಲು ಎದ್ದರು.

ರಾತ್ರಿ ಮತ್ತೆ ಫಿಟ್ಸ್ ಬಂದಿಲ್ಲ. ಬಲಗಾಲು ಮಾತ್ರ ಎತ್ತಲು ಕಷ್ಟ.

ನರವೈದ್ಯ_ಧಾರವಾಡ · ಸೋಮವಾರ, ಬೆಳಿಗ್ಗೆ 7.02

ಇನ್ನು ಮುಂದೆ ನನ್ನ ರೋಗಿಗಳಿಗೆ ನಿಮ್ಮ ತಂದೆಯವರ ಮಾತನ್ನೇ ಹೇಳುತ್ತೇನೆ. ಕಾಲಿನ ದೌರ್ಬಲ್ಯಕ್ಕೆ ಕಾರಣವಿದೆ: ಕಾಲನ್ನು ಆಡಿಸುವ ಮಿದುಳಿನ ಭಾಗ ಇರುವುದು ನಡುಗೆರೆಯ ಪಕ್ಕದಲ್ಲೇ, ಆ ಸೈನಸ್‌ಗೆ ಅಂಟಿಕೊಂಡ ಹಾಗೆ.

ಕತ್ತಲೆಕೋಣೆ · ಸೋಮವಾರ, ಬೆಳಿಗ್ಗೆ 9.30

ಇಪ್ಪತ್ತು ವರ್ಷಗಳಿಂದ ಸ್ಕ್ಯಾನಿಂಗ್ ವಿಭಾಗದಲ್ಲಿ ತಂತ್ರಜ್ಞನಾಗಿದ್ದೇನೆ. ಆ ‘ನಾರ್ಮಲ್’ ಕಾಗದದ ಬಗ್ಗೆ ಎರಡು ಮಾತು. ಸುಳ್ಳು ಬರೆದಿರಲಾರರು. ಸಾದಾ ಸಿಟಿ ಈ ಕಾಯಿಲೆಯಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಏನನ್ನೂ ತೋರಿಸುವುದೇ ಇಲ್ಲ. ತೋರಿಸಿದರೆ ಹೊಸ ಹೆಪ್ಪು ಸೈನಸ್ ಜಾಗದಲ್ಲಿ ಸುಣ್ಣದ ಗೆರೆ ಎಳೆದ ಹಾಗೆ ಬೆಳ್ಳಗೆ ಕಾಣುತ್ತದೆ. ರಕ್ತಹೀನತೆ ಇದ್ದವರಲ್ಲಿ ಆ ಬಿಳುಪು ಮಂಕಾಗುತ್ತದೆ, ಬಾಣಂತಿಯರಲ್ಲಿ ರಕ್ತಹೀನತೆ ಎಷ್ಟು ಮಾಮೂಲು ಎನ್ನುವುದು ನಿಮಗೇ ಗೊತ್ತು. ಬಣ್ಣದ ಔಷಧಿ ಕೊಟ್ಟು ತೆಗೆದರೆ ಹಿಂದಲೆಯ ಬಳಿ ಸೈನಸ್ಸಿನ ಅಂಚು ಮಾತ್ರ ಬೆಳಗಿ ನಡುವೆ ಕಪ್ಪು ಉಳಿಯುತ್ತದೆ, ಒಳಗೆ ಏನೂ ತುಂಬದ ತ್ರಿಕೋನದ ಹಾಗೆ. ಇದನ್ನು ಒಮ್ಮೆ ಕಂಡವನು ಮರೆಯುವುದಿಲ್ಲ.

ಸಿಟಿ ವೆನೋಗ್ರಾಂ ಆಗಲಿ, ಎಂಆರ್ ವೆನೋಗ್ರಾಂ ಆಗಲಿ, ವೈದ್ಯರು ಚೀಟಿಯಲ್ಲಿ ಬರೆಯದಿದ್ದರೆ ನಾವು ಮಾಡುವುದಿಲ್ಲ. ‘ಎಂಆರ್‌ಐ ಮಾಡಿಸಿದ್ದೇವೆ’ ಎಂದು ಬರುವವರ ಫಿಲ್ಮ್‌ನಲ್ಲಿ ಅಭಿಧಮನಿಗಳ ಚಿತ್ರವೇ ಇಲ್ಲದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಚೀಟಿಯಲ್ಲಿ ‘ಹೆರಿಗೆಯಾಗಿ 13 ದಿನ, ತಲೆನೋವು, ಫಿಟ್ಸ್’ ಎಂದು ಒಂದು ಸಾಲು ಇದ್ದರೆ ಸಾಕು, ನಾವು ರೇಡಿಯಾಲಜಿಸ್ಟರನ್ನು ಕೇಳಿ ಸೇರಿಸುತ್ತೇವೆ. ಬರಿಯ ‘ತಲೆನೋವು’ ಎಂದಿದ್ದರೆ ನಮಗೇನು ತಿಳಿಯಬೇಕು?

ಉಲ್ಟಾ ಎಡವಟ್ಟೂ ಇದೆ. ಬಹಳ ಜನರಿಗೆ ಹುಟ್ಟಿನಿಂದಲೇ ಒಂದು ಕಡೆಯ ಸೈನಸ್, ಹೆಚ್ಚಾಗಿ ಎಡಗಡೆಯದು, ಸಣ್ಣದಿರುತ್ತದೆ. ವೆನೋಗ್ರಾಂನಲ್ಲಿ ಅದು ಕಾಣದಿದ್ದಾಗ ಹೆಪ್ಪು ಎಂದು ಗಾಬರಿ ಬೀಳುವವರಿದ್ದಾರೆ.

ಅಜ್ಜಿಮನೆ_52 · ಸೋಮವಾರ, ಮಧ್ಯಾಹ್ನ 1.15

ಮಗಳೇ, ನಿನ್ನ ತಂಗಿ ಬೇಗ ಹುಷಾರಾಗಲಿ. ಆದರೆ ಒಂದು ಮಾತು ಕೇಳುತ್ತೇನೆ. ನಾನು ಮೂರು ಹೆತ್ತೆ. ಮೂರಕ್ಕೂ ನಲವತ್ತು ದಿನ ಕೋಣೆ, ಕೆಂಡ, ಸಾಂಬ್ರಾಣಿ, ನೀರು ಲೆಕ್ಕದ ಲೋಟ. ನಮಗೆಲ್ಲ ಯಾವ ಹೆಪ್ಪೂ ಕಟ್ಟಲಿಲ್ಲ. ಈಗ ಏನಾದರೂ ಆದರೆ ಮೊದಲು ಬಾಣಂತನದ ಮೇಲೇ ಗೂಬೆ ಕೂರಿಸುತ್ತಾರೆ. ಆಪರೇಷನ್ನು, ಬೆನ್ನಿಗೆ ಸೂಜಿ, ಇದರಿಂದ ಆಗಿರಬಾರದೇಕೆ?

ಕಲ್ಯಾಣದ_ನರ್ಸಮ್ಮ · ಸೋಮವಾರ, ಮಧ್ಯಾಹ್ನ 2.40

ಅಮ್ಮಾ, ನಿಮಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದವರ ಕಥೆ ಹೇಳಲು ಅವರು ಉಳಿಯಲಿಲ್ಲ, ಅಷ್ಟೇ ವ್ಯತ್ಯಾಸ. ನಮ್ಮ ಕಡೆ ‘ಬಾಣಂತಿ ಸನ್ನಿಯಾಗಿ ಹೋದಳು’ ಎಂದು ಹೇಳುವ ಒಬ್ಬಳಾದರೂ ಇಲ್ಲದ ಮನೆತನ ಕಡಿಮೆ. ಆ ಒಂದು ಮಾತಿನೊಳಗೆ ಏನೆಲ್ಲ ಇತ್ತೋ: ನಂಜು, ಬಿಪಿ ಏರಿ ಬಂದ ಫಿಟ್ಸ್, ಮನಸ್ಸಿನ ಕಾಯಿಲೆ, ಮತ್ತೆ ಇದೂ.

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು. ಏಪ್ರಿಲ್ ಬಿಸಿಲಿನಲ್ಲಿ ನಮ್ಮ ಕಡೆಯ ತಗಡಿನ ಮನೆಗಳು ಹೇಗಿರುತ್ತವೆ ಎಂದು ಊಹಿಸಿಕೊಳ್ಳಿ. ಅದರೊಳಗೆ ಕಿಟಕಿ ಮುಚ್ಚಿ, ಮಂಚದ ಕೆಳಗೆ ಕೆಂಡವಿಟ್ಟು, ಬಾಣಂತಿಗೆ ಕಂಬಳಿ ಹೊದಿಸಿರುತ್ತಾರೆ. ಬೆವರು ನಿಲ್ಲುವುದಿಲ್ಲ. ಮಗುವಿಗೆ ಹಾಲು ಬೇರೆ ಹೋಗಬೇಕು. ಕುಡಿಯಲು ಕೊಡುವುದು ಮಾತ್ರ ದಿನಕ್ಕೆ ಮೂರು ಲೋಟ, ಅದೂ ಕಾಯಿಸಿದ್ದು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆ ಕೀವಾಗುತ್ತದೆ, ಮಗುವಿಗೆ ಶೀತವಾಗುತ್ತದೆ. ಒಬ್ಬಳು ಸ್ನಾನದ ಹಂಡೆಯ ನೀರನ್ನು ಕದ್ದು ಕುಡಿದೆ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ನಾನು ಮನೆಭೇಟಿಗೆ ಹೋದಾಗ ಮಾಡುವ ಮೊದಲ ಕೆಲಸ ಮೂತ್ರದ ಬಣ್ಣ ಕೇಳುವುದು. ಅರಿಶಿನದ ನೀರಿನ ಹಾಗೆ ಎಂದರೆ ಅತ್ತೆಯನ್ನು ಒಳಗೆ ಕರೆಯುತ್ತೇನೆ.

ಎಣ್ಣೆ ನೀರು, ಬೆಳ್ಳುಳ್ಳಿ, ಮೆಂತ್ಯ, ಖಾರದುಂಡೆ ಇದ್ಯಾವುದಕ್ಕೂ ನನ್ನ ತಕರಾರಿಲ್ಲ. ತಕರಾರು ಇರುವುದು ಒಂದೇ ಲೋಟಕ್ಕೆ.

ನರವೈದ್ಯ_ಧಾರವಾಡ · ಸೋಮವಾರ, ಸಂಜೆ 6.50

ಅಜ್ಜಿಮನೆಯವರ ಪ್ರಶ್ನೆಯನ್ನು ತಳ್ಳಿಹಾಕಲಾರೆ. ನೀರು ಕಡಿಮೆಯಾದದ್ದೊಂದೇ ಕಾರಣ ಎಂದರೆ ಅದು ಅರ್ಧ ಸತ್ಯ. ಹೆರಿಗೆಯಲ್ಲಿ ರಕ್ತ ಸುರಿದು ತಾಯಿ ಸಾಯಬಾರದೆಂದು ದೇಹವೇ ಬಸಿರಿನ ಕೊನೆಯಲ್ಲಿ ರಕ್ತವನ್ನು ಬೇಗ ಹೆಪ್ಪುಗಟ್ಟುವಂತೆ ಹದ ಮಾಡಿಕೊಳ್ಳುತ್ತದೆ. ಹೆರಿಗೆಯ ನಂತರದ ಆರು ವಾರ, ಅದರಲ್ಲೂ ಮೊದಲ ಎರಡು ಮೂರು ವಾರ, ಆ ಹದ ಇಳಿದಿರುವುದಿಲ್ಲ. ಇದು ಜಗತ್ತಿನ ಎಲ್ಲ ತಾಯಂದಿರಿಗೂ ಒಂದೇ. 1828ರಲ್ಲೇ ಸ್ಕಾಟ್ಲೆಂಡಿನ ವೈದ್ಯ ಜಾನ್ ಅಬರ್‌ಕ್ರಾಂಬಿ, ಹೆರಿಗೆಯಾದ ಎರಡು ವಾರಕ್ಕೆ ಹೀಗೆ ಸತ್ತ 24 ವರ್ಷದ ಹೆಣ್ಣುಮಗಳ ಬಗ್ಗೆ ಬರೆದಿದ್ದಾರೆ. ಅಲ್ಲಿ ಕೆಂಡದ ಮಂಚ ಇರಲಿಲ್ಲ. ಆ ಹದದ ಮೇಲೆ ರಕ್ತಹೀನತೆ, ನಂಜು, ಸಿಸೇರಿಯನ್, ಹುಟ್ಟಿನಿಂದ ಬಂದ ಹೆಪ್ಪುಗಟ್ಟುವ ಗುಣ, ನೀರಿನ ಕೊರತೆ, ಇವುಗಳಲ್ಲಿ ಒಂದೆರಡು ಸೇರಿದರೆ ಅಪಾಯ ಹೆಚ್ಚುತ್ತದೆ. ಉಳಿದವು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ನೀರಿನ ಲೋಟ ಇದೆ. ನರ್ಸಮ್ಮನವರ ಪಕ್ಷ ನನ್ನದು.

ಬೆನ್ನಿನ ಸೂಜಿಯ ವಿಷಯ. ಆ ತಲೆನೋವು ನಿಜವಾದದ್ದೇ, ಸಾಮಾನ್ಯವೂ ಹೌದು. ಅದು ಹೆಚ್ಚಾಗಿ ಸೂಜಿ ಹಾಕಿದ ಮೊದಲ ಕೆಲವು ದಿನಗಳಲ್ಲೇ ಶುರುವಾಗುತ್ತದೆ. ಎದ್ದು ಕೂತರೆ ಜೋರು, ಮಲಗಿದರೆ ಇಳಿಯುತ್ತದೆ. ತಂಗಿಯದು ಎಂಟನೆಯ ದಿನ ಶುರುವಾಯಿತು, ಮಲಗಿದರೆ ಏರಿತು. ಮೊದಲು ಸೂಜಿಯ ನೋವಾಗಿಯೇ ಇದ್ದದ್ದು ನಾಲ್ಕೈದು ದಿನಗಳ ಮೇಲೆ ಸ್ವಭಾವ ಬದಲಿಸಿ, ಮಲಗಿದರೂ ಹೋಗದಂತಾದರೆ ಆಗಲೂ ಅನುಮಾನಿಸಬೇಕು. ಫಿಟ್ಸ್ ಬಂದರೆ ಬಿಪಿ ನೋಡುವುದೇ ಮೊದಲ ಕೆಲಸ, ಅದನ್ನು ಮಾಡಿದ್ದಾರೆ, ತಪ್ಪಿಲ್ಲ. ಬಿಪಿ ಸರಿಯಿದ್ದ ಮೇಲೆ ಮುಂದೇನು ಎನ್ನುವಲ್ಲಿ ಎಡವಿದರು. ಕಣ್ಣಿನೊಳಗೆ ಲೈಟು ಬಿಟ್ಟು ನೋಡಿದ ಆ ಡಾಕ್ಟರಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಆ ಉಪಕರಣ ಅಂಗೈಯಲ್ಲಿ ಹಿಡಿಸುತ್ತದೆ, ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಇರುತ್ತದೆ, ಬಹಳ ಕಡೆ ಕಪಾಟಿನಿಂದ ಹೊರಗೆ ಬರುವುದಿಲ್ಲ.

ಹಬ್ಬದಡುಗೆ · ಸೋಮವಾರ, ರಾತ್ರಿ 9.20

ಬಾಣಂತಿಯರಿಗೆ ಮಾತ್ರ ಅಲ್ಲ. ನನಗೆ 34ನೇ ವಯಸ್ಸಿನಲ್ಲಿ ಆಯಿತು, ಚಿಕ್ಕ ಮಗ ಆಗ ಐದನೇ ತರಗತಿ. ಮನೆಯಲ್ಲಿ ಗೃಹಪ್ರವೇಶ, ಅದರ ಹಿಂದೆಯೇ ನಾದಿನಿಯ ಮದುವೆ. ‘ದಿನ’ ಅಡ್ಡ ಬರಬಾರದೆಂದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿದೆ. ಚೀಟಿ ಯಾರೂ ಕೇಳಲಿಲ್ಲ. ಮೂರು ವಾರ ನುಂಗಿದ್ದೆ. ಮದುವೆಯ ಮರುದಿನ ಶುರುವಾದ ತಲೆನೋವನ್ನು ದಣಿವು ಎಂದು ಏಳು ದಿನ ಹೊತ್ತುಕೊಂಡು ತಿರುಗಿದೆ. ಎಂಟನೇ ದಿನ ಒಂದು ವಸ್ತು ಎರಡಾಗಿ ಕಾಣಿಸತೊಡಗಿತು. ಆಸ್ಪತ್ರೆಯಲ್ಲಿ ‘ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ’ ಎಂದು ಕೇಳಿದಾಗ ಇಲ್ಲ ಎಂದೆ. ಅದು ನನ್ನ ಲೆಕ್ಕದಲ್ಲಿ ಔಷಧಿಯೇ ಆಗಿರಲಿಲ್ಲ. ಮೂರನೆಯ ದಿನ ಗಂಡಸರೆಲ್ಲ ಹೊರಗೆ ಹೋದ ಮೇಲೆ ನರ್ಸ್ ಬೇರೆ ಮಾತಿನಲ್ಲಿ ಕೇಳಿದರು, ಆಗ ಬಾಯಿ ಬಿಟ್ಟೆ.

ನರವೈದ್ಯ_ಧಾರವಾಡ · ಸೋಮವಾರ, ರಾತ್ರಿ 10.05

ಇದನ್ನು ಬರೆದದ್ದಕ್ಕೆ ಧನ್ಯವಾದ. ಈಸ್ಟ್ರೋಜನ್ ಎಂಬ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆಗಳು ಈ ಹೆಪ್ಪಿಗೆ ಕಾರಣವಾಗಬಲ್ಲವು ಎನ್ನುವುದು ನಿಶ್ಚಿತ. ಮುಟ್ಟು ಮುಂದೂಡಲು ಹೆಚ್ಚಾಗಿ ಕೊಡುವ ನಾರ್‌ಎಥಿಸ್ಟಿರೋನ್ ಬೇರೆ ಜಾತಿಯದು, ಆದರೆ ದೊಡ್ಡ ಪ್ರಮಾಣದಲ್ಲಿ ನುಂಗಿದಾಗ ಅದರ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ಕೋಟ್ಯಂತರ ಹೆಂಗಸರು ನುಂಗುತ್ತಾರೆ, ಏನೂ ಆಗುವುದಿಲ್ಲ. ಆದರೂ ಯಾರಿಗೆ ಕೊಡಬಾರದು ಎಂದು ತೂಗಿ ನೋಡುವ ಕೆಲಸ ಮೆಡಿಕಲ್ ಶಾಪಿನದ್ದಲ್ಲ. ಇನ್ನೆಂದೂ ಈಸ್ಟ್ರೋಜನ್ ಮಾತ್ರೆ ಬೇಡ. ಕಾಪರ್-ಟಿಗೆ ಅಡ್ಡಿಯಿಲ್ಲ.

ಸುಮ್ಮನೆ_ಓದುವವ · ಮಂಗಳವಾರ, ಬೆಳಿಗ್ಗೆ 8.15

ಕೋವಿಶೀಲ್ಡ್‌ನಿಂದ ಆಗುತ್ತಿದ್ದದ್ದು ಇದೇ ಅಲ್ಲವೇ? ನಾನು ಎರಡು ಡೋಸ್ ತೆಗೆದುಕೊಂಡಿದ್ದೇನೆ. ಒಂದು ವಾರದಿಂದ ತಲೆಭಾರ.

ನರವೈದ್ಯ_ಧಾರವಾಡ · ಮಂಗಳವಾರ, ಬೆಳಿಗ್ಗೆ 8.40

ಜಾಗ ಅದೇ, ಕಾರಣ ಬೇರೆ. 2021ರಲ್ಲಿ ಯುರೋಪಿನಲ್ಲಿ ಮೊದಲು ಗುರುತಿಸಿದ ಆ ಅಪರೂಪದ ತೊಂದರೆಯಲ್ಲಿ ಪ್ಲೇಟ್‌ಲೆಟ್ ಕುಸಿಯುತ್ತಿತ್ತು, ಹೆಪ್ಪೂ ಕಟ್ಟುತ್ತಿತ್ತು, ಹೆಪಾರಿನ್ ಬದಲು ಬೇರೆ ಔಷಧಿ ಕೊಡುತ್ತಿದ್ದರು. ಅದು ಕಾಣಿಸುತ್ತಿದ್ದದ್ದು ಲಸಿಕೆ ಪಡೆದ ಮೊದಲ ಕೆಲವು ವಾರಗಳಲ್ಲಿ. ವರ್ಷಗಳ ಮೇಲಿನ ತಲೆಭಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಬಿಪಿ ಮತ್ತು ಕನ್ನಡಕದ ನಂಬರು ನೋಡಿಸಿಕೊಳ್ಳಿ.

ಪುಣೆ_ಕನ್ನಡಿಗ · ಮಂಗಳವಾರ, ಮಧ್ಯಾಹ್ನ 12.30

ಗಂಡಸರ ಪರವಾಗಿ ನಾನು ಹಾಜರು. ನಾಲ್ಕು ವರ್ಷದ ಹಿಂದೆ ಕಿವಿಯ ಹಿಂದಿನ ಸೈನಸ್‌ನಲ್ಲಿ ಹೆಪ್ಪು. ಹತ್ತು ದಿನ ಮೈಗ್ರೇನ್ ಎಂದು ಚಿಕಿತ್ಸೆಯಾಯಿತು. ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬಿ12 ಕೊರತೆ ಮತ್ತು ಅದರಿಂದ ಏರಿದ್ದ ಹೋಮೋಸಿಸ್ಟೀನ್, ರಕ್ತದಲ್ಲಿ ಹೆಚ್ಚಾದರೆ ಹೆಪ್ಪಿಗೆ ದಾರಿ ಮಾಡುವ ಅಂಶ. ಅಪ್ಪಟ ಸಸ್ಯಾಹಾರಿ, ಹಾಲು ಮೊಸರೂ ಅಷ್ಟಕ್ಕಷ್ಟೇ. ವಾರಾಂತ್ಯದ ಮದ್ಯವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ನನ್ನ ಪಕ್ಕದ ಹಾಸಿಗೆಯ ಹುಡುಗನಿಗೆ ಹಳೆಯ ಕಿವಿಸೋರಿಕೆಯಿಂದ ಇದೇ ಆಗಿತ್ತು. ಹಿಲರಿ ಕ್ಲಿಂಟನ್ ಅವರಿಗೂ 2012ರ ಕೊನೆಯಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಬಲಕಿವಿಯ ಹಿಂದೆ ಇದೇ ಹೆಪ್ಪು ಕಟ್ಟಿತ್ತು ಎಂದು ನನ್ನ ವೈದ್ಯರು ಹೇಳಿದಾಗ, ಯಾಕೋ, ಸ್ವಲ್ಪ ಸಮಾಧಾನವಾಯಿತು.

ಅಕ್ಕ, ಮುಂದೆ ವಾರ್ಫರಿನ್ ಎಂಬ ರಕ್ತ ತೆಳು ಮಾಡುವ ಮಾತ್ರೆ ಶುರು ಮಾಡಬಹುದು. ಅದರೊಂದಿಗೆ ಬದುಕುವ ಬಗೆ ಹೇಳುತ್ತೇನೆ. ಐಎನ್‌ಆರ್ ಎನ್ನುವ ರಕ್ತಪರೀಕ್ಷೆ 2ರಿಂದ 3ರ ನಡುವೆ ಇರಬೇಕು. ಕಡಿಮೆಯಾದರೆ ಹೆಪ್ಪಿನ ಭಯ, ಹೆಚ್ಚಾದರೆ ರಕ್ತ ಸೋರುವ ಭಯ. ಸೊಪ್ಪು ಬಿಡಬೇಕು ಎಂದು ಯಾರೋ ಹೇಳಿದ್ದಕ್ಕೆ ನಾನು ಎರಡು ತಿಂಗಳು ಬಿಟ್ಟೆ. ಆಮೇಲೆ ಊರಿಗೆ ಹೋಗಿ ಅಮ್ಮ ಮಾಡಿದ ಸೊಪ್ಪಿನ ಸಾರು, ಪಲ್ಯ, ಮಸ್ಸೊಪ್ಪು ಎಂದು ಒಂದು ವಾರ ಬಾರಿಸಿದೆ. ಐಎನ್‌ಆರ್ 1.3ಕ್ಕೆ ಇಳಿಯಿತು. ವೈದ್ಯರು ಬೈದು ಹೇಳಿದ್ದು ಇಷ್ಟು: ಸೊಪ್ಪು ತಿನ್ನು, ದಿನವೂ ಹೆಚ್ಚುಕಡಿಮೆ ಅಷ್ಟೇ ತಿನ್ನು, ನಾವು ಮಾತ್ರೆಯನ್ನು ಅದಕ್ಕೆ ಹೊಂದಿಸುತ್ತೇವೆ. ಮೈಕೈ ನೋವಿಗೆ ಅಂಗಡಿಯ ನೋವಿನ ಮಾತ್ರೆ ನುಂಗಬಾರದು. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆಯುವ ಮೊದಲು ಈ ಮಾತ್ರೆಯ ಹೆಸರು ಹೇಳಬೇಕು. ಮಾತ್ರೆ ನುಂಗಿದೆನೋ ಇಲ್ಲವೋ ಎಂಬ ಅನುಮಾನ ಬೇಡವೆಂದು ನಾನು ಕ್ಯಾಲೆಂಡರಿನಲ್ಲಿ ಟಿಕ್ ಹಾಕುತ್ತಿದ್ದೆ, ಪಂಚಾಂಗದ ರಾಹುಕಾಲದ ಪಕ್ಕದಲ್ಲೇ.

ಅಡಿಕೆಮನೆ · ಬುಧವಾರ, ರಾತ್ರಿ 8.00

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಹೆದರಿಕೆಯಾಯಿತು. ಕರೆದರೆ ಸರಿಯಾಗಿ ಓಗೊಡುತ್ತಿರಲಿಲ್ಲ. ಬಾವು ಹೆಚ್ಚಾದರೆ ತಲೆಬುರುಡೆಯ ಒಂದು ಭಾಗ ತೆಗೆದು ಮಿದುಳಿಗೆ ಜಾಗ ಮಾಡಿಕೊಡಬೇಕಾಗಬಹುದು ಎಂದರು. ಅಮ್ಮ ಅಲ್ಲೇ ಕುಸಿದು ಕೂತರು. ಇಂದು ಬೆಳಿಗ್ಗೆ ಕಣ್ಣು ಬಿಟ್ಟು ಮಗು ಎಲ್ಲಿ ಎಂದು ಕೇಳಿದಳು. ಆಪರೇಷನ್ ಸದ್ಯಕ್ಕೆ ಬೇಡ ಎಂದಿದ್ದಾರೆ.

ಹಾಲು ಕೊಡಬಹುದೇ? ಇನ್ನೊಂದು ಮಗುವಿನ ಯೋಚನೆ ಮಾಡಲೇಬಾರದೇ? ಈಗಲೇ ಕೇಳಬಾರದೇನೋ, ಆದರೆ ನೆಂಟರು ಕೇಳಲು ಶುರು ಮಾಡಿದ್ದಾರೆ.

ನರವೈದ್ಯ_ಧಾರವಾಡ · ಬುಧವಾರ, ರಾತ್ರಿ 9.45

ಕಣ್ಣು ಬಿಟ್ಟು ಮಗುವನ್ನು ಕೇಳಿದಳು ಎನ್ನುವುದೇ ಇವತ್ತಿನ ಒಳ್ಳೆಯ ವರದಿ. ಆ ಶಸ್ತ್ರಚಿಕಿತ್ಸೆ ಎಂದರೆ ಕೈಬಿಟ್ಟರು ಎಂದು ಅರ್ಥವಲ್ಲ. ಮಿದುಳು ಒತ್ತಿಹೋಗುತ್ತಿರುವಾಗ ಅದು ಜೀವ ಉಳಿಸುತ್ತದೆ, ಹಾಗೆ ಉಳಿದು ನಡೆದು ಬಂದವರನ್ನು ನಾನು ಬಲ್ಲೆ. ತಂತಿ ತೂರಿಸಿ ಹೆಪ್ಪು ತೆಗೆಯುವ ವಿಧಾನದ ಬಗ್ಗೆ ಯಾರಾದರೂ ನಿಮ್ಮ ತಲೆ ತಿನ್ನಬಹುದು. ಕಾಯಿಲೆ ತೀವ್ರವಾಗಿದ್ದವರಲ್ಲೂ ಔಷಧಿಗಿಂತ ಹೆಚ್ಚು ಲಾಭವೇನೂ ಕಾಣಲಿಲ್ಲ ಎಂದು 2020ರಲ್ಲಿ ಪ್ರಕಟವಾದ ಯುರೋಪಿನ ನೇತೃತ್ವದ ಪರೀಕ್ಷೆ ತಿಳಿಸಿತು. ಅದು ಆಯ್ದ ಕೆಲವರಿಗೆ ಮಾತ್ರ.

ಹೊಟ್ಟೆಗೆ ಕೊಡುವ ಹೆಪಾರಿನ್ ಇಂಜೆಕ್ಷನ್ನಿಗಾಗಲಿ ವಾರ್ಫರಿನ್ನಿಗಾಗಲಿ ಹಾಲುಣಿಸಲು ಅಡ್ಡಿಯಿಲ್ಲ. ಐಎನ್‌ಆರ್ ಬೇಕಿಲ್ಲದ ಹೊಸ ಮಾತ್ರೆಗಳು ಬಂದಿವೆ, ಡಾಬಿಗಾಟ್ರಾನ್‌ನಂಥವು, ಈ ಕಾಯಿಲೆಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಹಾಲುಣಿಸುವ ತಾಯಿಗೆ ನಾವು ಅವನ್ನು ಕೊಡುವುದಿಲ್ಲ. ಫಿಟ್ಸ್ ಮಾತ್ರೆಯ ಬಗ್ಗೆ ಅಲ್ಲಿನವರನ್ನೇ ಕೇಳಿ, ಯಾವುದು ಕೊಟ್ಟಿದ್ದಾರೆ ಎನ್ನುವುದರ ಮೇಲೆ ಹೋಗುತ್ತದೆ. ಬಾಣಂತನದಂಥ ಸ್ಪಷ್ಟ ಕಾರಣವಿದ್ದವರಿಗೆ ರಕ್ತ ತೆಳು ಮಾಡುವ ಔಷಧಿ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು.

ಇನ್ನೊಂದು ಮಗು ಆಗಬಹುದು. ಗರ್ಭ ನಿಂತಿತು ಎಂದು ತಿಳಿದ ದಿನವೇ ವೈದ್ಯರಿಗೆ ಹೇಳಬೇಕು. ವಾರ್ಫರಿನ್ ಗರ್ಭಕ್ಕೆ ಹಾನಿ, ಆದ್ದರಿಂದ ಬಸಿರಿನಲ್ಲೂ ಹೆರಿಗೆಯ ನಂತರದ ಆರು ವಾರಗಳಲ್ಲೂ ಇಂಜೆಕ್ಷನ್ ರೂಪದ ಹೆಪಾರಿನ್ ಕೊಡುತ್ತೇವೆ. ನೆಂಟರಿಗೆ ಇಷ್ಟು ಹೇಳಿ, ಉಳಿದದ್ದು ಅವರಿಗೆ ಸಂಬಂಧಿಸಿದ್ದಲ್ಲ ಎಂದೂ ಹೇಳಿ.

2004ರಲ್ಲಿ ಪ್ರಕಟವಾದ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನದಲ್ಲಿ 624 ಜನರಿದ್ದರು. ಅವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚಿನವರು ಪೂರ್ತಿ ಅಥವಾ ಬಹುತೇಕ ಗುಣವಾದರು. ಮಿದುಳಿನ ಬೇರೆ ಲಕ್ವಗಳಲ್ಲಿ ಇಂಥ ಅಂಕಿ ಕಾಣಲು ಸಿಗುವುದಿಲ್ಲ. ಹಾಗೆಂದು ಹಗುರಾಗಿ ತೆಗೆದುಕೊಳ್ಳುವಂಥದ್ದೂ ಅಲ್ಲ, ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು ಎಂಟು ಮಂದಿ ತೀರಿಕೊಂಡರು.

ಅಜ್ಜಿಮನೆ_52 · ಗುರುವಾರ, ಬೆಳಿಗ್ಗೆ 7.30

ಓದುತ್ತಾ ಇದ್ದೇನೆ. ನನ್ನ ದೊಡ್ಡಪ್ಪನ ಮಗಳು ಒಬ್ಬಳು ಬಾಣಂತನದಲ್ಲೇ ಹೋದಳು, ನಾನು ಆಗ ಸಣ್ಣವಳು. ತಲೆ ಹಿಡಿದುಕೊಂಡು ಕೂಗುತ್ತಿದ್ದಳು ಎಂಬುದಷ್ಟೇ ನೆನಪು. ಕೋಣೆಯೊಳಗೆ ನಮ್ಮನ್ನು ಬಿಡುತ್ತಿರಲಿಲ್ಲ. ಇಷ್ಟು ವರ್ಷ ಸನ್ನಿ ಎಂದೇ ಅಂದುಕೊಂಡಿದ್ದೆ. ಏನಿತ್ತೋ ಈಗ ಯಾರಿಗೆ ಗೊತ್ತು. ಮೊಮ್ಮಗಳಿಗೆ ಮುಂದಿನ ತಿಂಗಳು ದಿನ ತುಂಬುತ್ತದೆ. ನರ್ಸಮ್ಮ, ನೀರು ದಿನಕ್ಕೆ ಎಷ್ಟು ಕೊಡಬೇಕು ತಾಯಿ?

ಕಲ್ಯಾಣದ_ನರ್ಸಮ್ಮ · ಗುರುವಾರ, ಬೆಳಿಗ್ಗೆ 7.55

ಅಳತೆ ಬೇಡ ಅಮ್ಮ. ಬಾಯಾರಿದಾಗಲೆಲ್ಲ ಕುಡಿಯಲಿ, ಮಗುವಿಗೆ ಹಾಲು ಕೊಡಲು ಕೂರುವಾಗಲೆಲ್ಲ ಕೈಗೊಂದು ಲೋಟ ಕೊಡಿ. ಬಿಸಿನೀರೇ ಆಗಬೇಕೆಂದರೆ ಬಿಸಿನೀರೇ ಆಗಲಿ. ಮಂಚದಿಂದ ಎಬ್ಬಿಸಿ ಮನೆಯೊಳಗೆ ನಾಲ್ಕು ಹೆಜ್ಜೆ ನಡೆಸಿ. ಈಗಿನಿಂದಲೇ ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ತಲೆನೋವು ಎಂದರೆ ಮಲಗಿದರೆ ಹೆಚ್ಚೋ ಕಡಿಮೆಯೋ ಎಂದು ಕೇಳಿ, ಡಾಕ್ಟರಿಗೆ ಅದನ್ನೇ ಮೊದಲು ಹೇಳಿ.

ಅಡಿಕೆಮನೆ · ಐದು ತಿಂಗಳ ನಂತರ

ಈ ಚರ್ಚೆ ಕೆಳಗೆ ಹೋಗಿಬಿಟ್ಟಿದೆ, ಆದರೂ ಕೇಳಿದವರಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ಒಟ್ಟು ಹತ್ತೊಂಬತ್ತು ದಿನ ಇದ್ದೆವು. ಹೊಟ್ಟೆಯ ತುಂಬ ಇಂಜೆಕ್ಷನ್ನಿನ ನೀಲಿ ಕಲೆಗಳು. ಬಲಗಾಲಿಗೆ ಎರಡು ತಿಂಗಳು ವ್ಯಾಯಾಮ ಮಾಡಿಸಿದರು. ಈಗ ಅಂಗಳದ ಮೆಟ್ಟಿಲನ್ನು ಕೈ ಹಿಡಿಯದೆ ಇಳಿಯುತ್ತಾಳೆ. ಕಳೆದ ವಾರ ಮತ್ತೆ ವೆನೋಗ್ರಾಂ ಮಾಡಿದರು, ದಾರಿ ಬಹುಪಾಲು ತೆರೆದಿದೆ. ವಾರ್ಫರಿನ್ ಇನ್ನೊಂದು ತಿಂಗಳು, ಫಿಟ್ಸ್ ಮಾತ್ರೆ ಇನ್ನೂ ಸ್ವಲ್ಪ ಕಾಲ. ಹೆಸರುಗಳು ನಾಲಿಗೆಗೆ ಬರುವುದು ಕೆಲವೊಮ್ಮೆ ತಡವಾಗುತ್ತದೆ, ಮೊನ್ನೆ ‘ಜರಡಿ’ ಎನ್ನುವ ಪದಕ್ಕೆ ಒಂದು ನಿಮಿಷ ಹುಡುಕಿದಳು. ಅದರ ಬಗ್ಗೆ ಅವಳಿಗೆ ನಮಗಿಂತ ಕಡಿಮೆ ಚಿಂತೆ.

ಅಮ್ಮ ಸೋಲು ಒಪ್ಪಿಲ್ಲ. ತಂಗಿಯ ತಲೆದೆಸೆಯಲ್ಲಿ ದಿನಕ್ಕೆ ನಾಲ್ಕು ಸಲ ತಂಬಿಗೆ ತುಂಬಿಸಿಡುತ್ತಾರೆ. ಖಾಲಿಯಾಗದಿದ್ದರೆ ಬೈಯುತ್ತಾರೆ. ಖಾಲಿಯಾದರೆ ಅವಳ ಸೀರೆಯ ನೆರಿಗೆಯ ಕಡೆ ನೋಡಿ, ‘ನೀರು ಕುಡಿದು ಕುಡಿದು ಹೊಟ್ಟೆ ಬಂದದ್ದು ನೋಡು’ ಎನ್ನುತ್ತಾ ಮತ್ತೆ ತುಂಬಿಸಲು ಹೋಗುತ್ತಾರೆ.